ಲಕ್ಷ್ಮೇಶ್ವರಕ್ಕೆ ಮುಟ್ಟಿಸಬೇಕಿದ್ದ ಮಾತು

ಸೊಸೆಯನ್ನು ಗದಗಿನ ದವಾಖಾನೆಗೆ ಕರೆದುಕೊಂಡು ಹೋದದ್ದು ನಾನೇ. ಕೇಳಿದವರು ಗುರುಸಿದ್ದವ್ವನಂಥ ಅತ್ತೆ ಸಿಗಬೇಕು ಅನ್ನುತ್ತಾರೆ. ಯಾಕೆ ಕರೆದುಕೊಂಡು ಹೋದೆ ಅಂತ ಯಾರೂ ಕೇಳಿಲ್ಲ, ಅದಕ್ಕೇ ನನ್ನ ಮರ್ಯಾದೆ ಉಳಿದಿದೆ.

ಬೆಟಗೇರಿಯಲ್ಲಿ ನಮ್ಮದು ಎರಡು ಮಗ್ಗದ ಮನೆ. ಮಗ ವಿರೂಪಾಕ್ಷಪ್ಪ ಸೀರೆ ನೇಯುತ್ತಾನೆ. ರಾಟೆಯ ಮುಂದೆ ಕೂತು ಲಾಳಿಗೆ ನೂಲಿನ ಕಂಡಿಕೆ ಸುತ್ತಿಕೊಡುವುದು ಹೆಂಗಸರ ಕೆಲಸ. ಮುಟ್ಟಾದವಳು ನೂಲು ಮುಟ್ಟಬಾರದು, ಹಿತ್ತಲಲ್ಲಿ ಕೂರಬೇಕು ಅನ್ನುವುದು ನಮ್ಮತ್ತೆಯ ಕಾಲದ ಕಟ್ಟಳೆ. ಮುಂಡರಗಿಯಿಂದ ಬಂದ ಸೊಸೆ ಸುಮಿತ್ರವ್ವ ಎರಡು ವರ್ಷ ಸರಿಯಾಗಿಯೇ ನಡೆದಳು. ಎಂಬತ್ತೆರಡರ ದೀಪಾವಳಿಯ ನಂತರ ಹೊರಗೆ ಕೂರುವುದು ಮೂರು ದಿನ ಹೋಗಿ ಎಂಟಾಯಿತು. ಆಮೇಲೆ ಒಳಗೆ ಬಂದ ನಾಲ್ಕೇ ದಿನಕ್ಕೆ ಮತ್ತೆ ಹೊರಗೆ. ರಾಟೆ ನನ್ನ ಕೊರಳಿಗೆ ಬಿತ್ತು.

ಮೊದಲೇ ಎಲುಬಿಲ್ಲದ ನಾಲಿಗೆ ನನ್ನದು. “ನಿಮ್ಮ ಮುಂಡರಗ್ಯಾಗ ತಿಂಗಳಿಗೆ ಎರಡು ಅಮಾಸಿ ಬರ್ತಾವೇನ?” ಅಂತ ಓಣಿಗೆ ಕೇಳುವ ಹಾಗೆ ಅಂದೆ. ಅವಳು ತಲೆ ತಗ್ಗಿಸಿದಳು. ಕೆಲಸ ತಪ್ಪಿಸಿಕೊಳ್ಳುವ ಆಟ ಇದು ಅಂತ ನಂಬಿ ಒಂದು ದಿನ ಬಟ್ಟೆ ತೋರಿಸು ಅಂದೆ. ಗೋಡೆಗೆ ಮುಖ ಮಾಡಿಕೊಂಡು ತೋರಿಸಿದಳು. ಅದನ್ನು ನೆನೆದರೆ ಈಗಲೂ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ಆಟವಲ್ಲ ಅಂತ ಗೊತ್ತಾದ ಮೇಲಾದರೂ ಕರುಣೆ ಬರಬೇಕಿತ್ತು. ಬರಲಿಲ್ಲ. ಇವಳ ಗರ್ಭಚೀಲ ಕೆಟ್ಟಿದೆ, ಇವಳಿಂದ ಮೊಮ್ಮಕ್ಕಳನ್ನು ಕಾಣುವುದಿಲ್ಲ ಅಂತ ನಾನೇ ತೀರ್ಮಾನಿಸಿಬಿಟ್ಟೆ. ಲಕ್ಷ್ಮೇಶ್ವರದಲ್ಲಿದ್ದ ನನ್ನಣ್ಣ ಫಕ್ಕೀರಪ್ಪನಿಗೆ ಮದುವೆಗೆ ಬಂದ ಮಗಳಿದ್ದಳು. ಅವಳನ್ನು ವಿರೂಪಾಕ್ಷಪ್ಪನಿಗೆ ಎರಡನೆಯವಳಾಗಿ ತಂದುಕೊಳ್ಳೋಣ ಅಂತ ಗುಟ್ಟಾಗಿ ಹೇಳಿ ಕಳಿಸಿದೆ. ಅಣ್ಣ ಶಾಣ್ಯಾ. “ಆಕಿಗೆ ಮಕ್ಕಳಾಗೂದಿಲ್ಲಂತ ಡಾಕ್ಟರ್ ಹೇಳಲಿ, ಆಗ ಹಿರೇರ ಮುಂದ ಮಾತಾಡಾಕ ಬರತೈತಿ” ಅಂತ ಖಬರು ಕಳಿಸಿದ. ಆ ಒಂದು ಮಾತು ತರಲಿಕ್ಕೆ ಸೊಸೆಯನ್ನು ಕರೆದುಕೊಂಡು ಹೊರಟೆ. ಅಷ್ಟರಲ್ಲಿ ಅವಳಿಗೆ ಇದು ಶುರುವಾಗಿ ಹನ್ನೊಂದು ತಿಂಗಳು ಕಳೆದಿದ್ದವು.

ನಮ್ಮ ಓಣಿಯ ರಹಿಮತಬಿ ಆ ದವಾಖಾನೆಯಲ್ಲಿ ಆಯಾ. ಅವಳೇ ಚೀಟಿ ಮಾಡಿಸಿ ಒಳಗೆ ಬಿಟ್ಟಳು. ಡಾಕ್ಟರಮ್ಮ ಸುಮಿತ್ರಳನ್ನು ಪರದೆಯ ಹಿಂದೆ ಮಲಗಿಸಿ, ದೀಪ ಹಿಡಿಸಿ ನೋಡಿದರು. “ಉಸಿರು ಎಳಕೋ ಯವ್ವಾ, ಸ್ವಲ್ಪ ಜಗ್ಗಿದಂಗ ಆಗ್ತೈತಿ” ಅಂದದ್ದು ಕೇಳಿಸಿತು. ನಾನು ಸಂಚಿ ಬಿಚ್ಚಿ ಒಂದು ಎಲೆಗೆ ಸುಣ್ಣ ಹಚ್ಚುವಷ್ಟರಲ್ಲಿ ಕೆಲಸ ಮುಗಿದಿತ್ತು.

ಡಾಕ್ಟರಮ್ಮ ಸಣ್ಣ ಬಾಟಲಿ ಹಿಡಿದು ಈಚೆ ಬಂದರು. ಅದರಲ್ಲಿ ಹುಣಸೆಬೀಜದಷ್ಟು ಕೆಂಪು ತುಣುಕು.

“ದುರ್ಮಾಂಸ. ಗರ್ಭಚೀಲದ ಬಾಯಾಗ ಜೋತುಬಿದ್ದಿತ್ತು, ಚಿಮಟಾದಲೆ ಹಿಡದು ತಿರುವಿ ತಗದೀನಿ. ಹುಬ್ಬಳ್ಳಿಗೆ ತಪಾಸಕ್ಕ ಕಳಸ್ತೀನಿ, ಅಂಜೂವಂಥದ್ದು ಕಾಣೂದಿಲ್ಲ. ಅರ್ಧ ತಾಸು ಮಲಗಲಿ, ಆಮ್ಯಾಲ ಮನಿಗೆ ಕರ್ಕೊಂಡು ಹೋಗ್ರಿ.”

“ಚೀಲ ಕೆಟ್ಟೈತಿ ಅಲ್ಲೇನ್ರಿ? ಇನ್ನ ಮಕ್ಕಳಾಗೂದಿಲ್ಲ ಅಲ್ರಿ?” ಅಂದೆ. ಆಗಲೂ ಬಿಡಲಿಲ್ಲ ನಾನು.

“ಯಾರು ಹೇಳಿದ್ರು ನಿಮಗ? ಚೀಲ ಚೊಲೋ ಐತಿ. ಎಷ್ಟು ದಿನದಿಂದ ಹಿಂಗಿತ್ತು?”

“ಎರಡು ತಿಂಗಳಾತ್ರಿ.” ಸುಳ್ಳು ತಾನಾಗಿಯೇ ಬಂತು.

“ಆಕಿ ಹನ್ನೊಂದು ಅಂದ್ಲಲ್ಲ. ರಕ್ತ ಹೋಗಿ ಹೋಗಿ ಮಾರಿ ಬಿಳಚಿಕೊಂಡೈತಿ. ಇಷ್ಟು ದಿನ ಮನ್ಯಾಗ ಯಾರಿಗೂ ಕಾಣಲಿಲ್ಲೇನು?”

ಬಾಗಿಲಲ್ಲಿ ಸರದಿಗೆ ನಿಂತಿದ್ದ ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. ಆಗ ಪರದೆಯ ಹಿಂದಿನಿಂದ ಸುಮಿತ್ರಳ ದನಿ ಬಂತು: “ನಾನ ಮುಚ್ಚಿಟ್ಟಿದ್ನಿರಿ. ಅತ್ತಿಗೆ ಗೊತ್ತಿರಲಿಲ್ಲ.”

ರಹಿಮತಬಿ ನೆಲ ನೋಡಿದಳು. ಓಣಿಯಲ್ಲಿ ನಾನು ಆಡಿದ್ದೆಲ್ಲ ಅವಳು ಕೇಳಿದವಳೇ. ಸೊಸೆ ನನ್ನ ಮಾನ ಕಾಯ್ದಿದ್ದಳು, ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಒಳಗೆ ಹೋಗಿ ಅವಳ ತಲೆದೆಸೆಗೆ ಕೂತೆ. ನೋಯುತ್ತದೆಯೇ ಅಂತ ಕೇಳಿದೆ. ಇಲ್ಲ ಅಂದಳು. ಮಲಗಿದಲ್ಲೇ ಮೇಲೆ ಮಾಳಿಗೆ ನೋಡುತ್ತ, “ಲಕ್ಷ್ಮೇಶ್ವರದವ್ರಿಗೆ ಈಗ ಏನು ಹೇಳ್ತೀರಿ ಅತ್ತಿ?” ಅಂದಳು.

“ನಿನಗ ಯಾವಾಗ ಗೊತ್ತಾತು?”

“ನೀವು ಹೇಳಿ ಕಳಿಸಿದ ದಿನಾನ. ಹಿತ್ತಲದಾಗ ಕುಂತಾಕಿಗೆ ಎಲ್ಲಾ ಕೇಳಸ್ತೈತ್ರಿ.”

“ಯಾತಕ್ಕ ಕರ್ಕೊಂಡು ಹೊಂಟೀನಿ ಅಂತ ಗೊತ್ತಿದ್ದೂ ಯಾಕ ಬಂದಿ?”

ಸುಮಿತ್ರ ನನ್ನ ಕಡೆ ತಿರುಗಿದಳು. ಮುಖದಲ್ಲಿ ಸಿಟ್ಟಿರಲಿಲ್ಲ.

“ಅದಕ್ಕಲ್ಲದ ಮತ್ಯಾತಕ್ಕ ನನ್ನ ದವಾಖಾನಿಗೆ ಕರ್ಕೊಂಡು ಬರ್ತಿದ್ರಿ, ಅತ್ತಿ?”