ಇಂಜಿನ್ನಿನ ಬಡಿತ

ರಾಜಮಹ್ಮದ ಒಂದು ಕಾಲದಲ್ಲಿ ಸಾವರ್ಡೆಯಲ್ಲಿ ಅದಿರಿನ ಲಾರಿ ಓಡಿಸುತ್ತಿದ್ದ. ಹನ್ನೆರಡು ವರ್ಷದ ಹಿಂದೆ ಸ್ಟೇರಿಂಗ್ ಬಿಟ್ಟು ರಿಪೇರಿಗೆ ಕೂತ. ಇಂಜಿನ್ನಿನ ಕಾಯಿಲೆಯನ್ನು ಕಿವಿಯಿಂದಲೇ ಹೇಳುತ್ತಿದ್ದ. ಮಗಳು ಅಫ್ರೀನ ಮಡಗಾಂವ್ ಹತ್ತಿರದ ಕಾಲೇಜೊಂದರಲ್ಲಿ ಇಂಜಿನ್ ಸಂಶೋಧನೆ ಮಾಡುತ್ತಿದ್ದಳು. ಲ್ಯಾಬಿನ ಇಂಜಿನ್ನಿಗೆ ಹೊಸ ಇಂಜೆಕ್ಟರ್ ಕೂರಿಸಲು ಅಪ್ಪನನ್ನೇ ಕರೆತಂದಳು.

ಅದು ಒಂದೇ ಸಿಲಿಂಡರಿನ ಇಂಜಿನ್. ಪೆಟ್ರೋಲು ಗಾಳಿಯ ಜೊತೆ ಬೆರೆತು ಒಳಗೆ ಹೋಗುತ್ತಿತ್ತು, ಡೀಸೆಲ್ಲು ನೇರವಾಗಿ ಸಿಲಿಂಡರಿನೊಳಗೆ ಚಿಮ್ಮುತ್ತಿತ್ತು. ಹೊಗೆ ಇಲ್ಲವೆನ್ನುವಷ್ಟು ಕಡಿಮೆ. ಕಷ್ಟವಿದ್ದದ್ದು ಉರಿಯನ್ನು ಹಿಡಿತದಲ್ಲಿಡುವುದರಲ್ಲಿ.

"ಎರಡೂ ಎಲ್ಲಾ ಕಡೆ ಒಂದೇ ಸಮ ಬೆರೆತ್ರ ಒಮ್ಮೆಲೇ ಹತ್ತಿ ಬಡೀತೈತಿ ಅಪ್ಪಾ," ಎಂದಳು ಅಫ್ರೀನ. "ಡೀಸೆಲ್ ಒಂದ್ ಕಡೆ ಹೆಚ್ಚು, ಒಂದ್ ಕಡೆ ಕಡಿಮಿ ಇರಬೇಕು. ಆಗ ಪದರ ಪದರಾಗಿ ಉರೀತೈತಿ."

"ಮದ್ಲ ಪುಳ್ಳಿ ಹತ್ತತಾವು, ಆಮ್ಯಾಲೆ ಕಟಗಿ. ಹಂಗೇನು?"

"ಅಗದಿ ಹಂಗ."

ಮಧ್ಯಾಹ್ನ ಅವಳು ಲೋಡ್ ಹೆಚ್ಚಿಸಿದಾಗ ಅವನಿಗೆ ಅದು ಕೇಳಿತು. ಗಡಗಡದ ನಡುವೆ ಟಣ್ ಎಂದು, ಕಬ್ಬಿಣಕ್ಕೆ ಕಬ್ಬಿಣ ಬಡಿದ ಹಾಗೆ. ಅದರ ಹಿಂದೆಯೇ ಒಬ್ಬ ಗಂಡಸಿನ ಕೂಗು: "ರಾಜಾ!"

ಕೈಯಲ್ಲಿದ್ದ ಸ್ಪ್ಯಾನರ್ ನೆಲಕ್ಕೆ ಬಿತ್ತು. ಕಾಲುಗಳು ತಾವಾಗಿಯೇ ಬಾಗಿಲ ಕಡೆ ತಿರುಗಿದವು.

"ಇಂಜಿನ್ ಬಡೀತು," ಎಂದ.

"ಇಲ್ಲಪ್ಪಾ. ಪರದೆ ಮ್ಯಾಲಿನ ಒತ್ತಡದ ಗೆರಿ ನೋಡು, ಚಲೋ ಐತಿ."

ಅವನು ಸ್ಪ್ಯಾನರ್ ಎತ್ತಿಕೊಂಡ. ಆ ಕೂಗು ಹನ್ನೆರಡು ವರ್ಷದಿಂದ ಬೆನ್ನಿಗೆ ಬಿದ್ದಿತ್ತು. ಬಡಿತವೂ ಆ ಕೂಗಿನಂತೆ ತನಗೊಬ್ಬನಿಗೇ ಕೇಳಿರಬಹುದು ಅಂದುಕೊಂಡ. ಆದರೆ ಅಪ್ಪನ ಮುಖ ನೋಡಿದ ಅಫ್ರೀನಳಿಗೆ ಸಮಾಧಾನವಾಗಲಿಲ್ಲ. ಪರದೆಯಲ್ಲಿದ್ದದ್ದು ನೂರು ಸುತ್ತುಗಳ ಸರಾಸರಿ. ಅವಳು ನೂರನ್ನೂ ಬಿಡಿಸಿ ಒಂದೊಂದಾಗಿ ನೋಡಿದಳು. ಮೂರು ಸುತ್ತುಗಳಲ್ಲಿ ಒತ್ತಡ ಮುಳ್ಳಿನಂತೆ ಎದ್ದಿತ್ತು.

"ಖರೇನ ಬಡದೈತಿ! ಡೀಸೆಲ್ ಭಾಳ ಲಗೂ ಹೋಗಿ ಪೂರಾ ಬೆರ್ಯಾಕತ್ತೈತಿ."

ಡೀಸೆಲ್ ಚಿಮ್ಮುವ ಹೊತ್ತನ್ನು ಅವಳು ತುಸು ತಡಮಾಡಿದಳು. ಮತ್ತೆ ನೂರು ಸುತ್ತು. ಈ ಸಲ ಮುಳ್ಳುಗಳಿರಲಿಲ್ಲ.

"ಈಗ ಹೋತಿಲ್ಲೋ?"

ರಾಜಮಹ್ಮದ ಬಹಳ ಹೊತ್ತು ಕಿವಿಗೊಟ್ಟು ನಿಂತ.

"ಬಡಿಯೂದು ಹೋತು," ಎಂದ. "ಹುಲಿಗೆಪ್ಪ ಹೋಗವಲ್ಲ."

ಅಫ್ರೀನ ಇಂಜಿನ್ ನಿಲ್ಲಿಸಿದಳು. ಅವನು ಅಲ್ಲೇ ಸ್ಟೂಲಿನ ಮೇಲೆ ಕೂತು ಮೊದಲ ಸಲ ಬಾಯಿಬಿಟ್ಟ. ಹುಲಿಗೆಪ್ಪ ಅವನ ಲಾರಿಯ ಜೊತೆಗಾರ. ಒಂದು ದಿನ ಸಾವರ್ಡೆ ರಸ್ತೆಯಲ್ಲಿ ಟರ್ಬೊ ಕೆಟ್ಟು, ಇಂಜಿನ್ ತನ್ನದೇ ಆಯಿಲ್ ಕುಡಿದು ಹುಚ್ಚೆದ್ದಿತು. ಚಾವಿ ತಿರುವಿದರೂ ನಿಲ್ಲಲಿಲ್ಲ. ಉಸಿರು ಕಟ್ಟಿಸಿದರೆ ನಿಂತೀತೆಂದು ಹುಲಿಗೆಪ್ಪ ಗಾಳಿ ಪೈಪಿಗೆ ಗೋಣಿಚೀಲ ತುರುಕತೊಡಗಿದ. ಇನ್ನೊಂದು ಚೀಲಕ್ಕಾಗಿ ರಾಜಾ, ರಾಜಾ ಎಂದು ಕೂಗಿದ. ರಾಜಮಹ್ಮದ ಆಗಲೇ ಓಡುತ್ತಿದ್ದ. ಕೂಗು ಕೇಳಿಯೂ ಓಡಿದ. ಇಂಜಿನ್ ಸಿಡಿದು ಹುಲಿಗೆಪ್ಪ ಅಲ್ಲೇ ಸತ್ತ.

"ನೀರು ತರಾಕ ಹೋಗಿದ್ದೆ ಅಂತ ಎಲ್ಲಾರಿಗೂ ಹೇಳೇನಿ. ಅವನ ಹೇಣ್ತಿ ಮೀನಾಕ್ಷಿಗೂ."

"ಅಕಿ ಈಗ ಎಲ್ಲದಾಳ?"

"ಮೋತಿ ಡೊಂಗರದಾಗ. ನಾ ಆ ಗುಡ್ಡ ಹತ್ತಿಲ್ಲ."

ರವಿವಾರ ಬೆಳಿಗ್ಗೆ ಅಪ್ಪ ಮಗಳು ಇಬ್ಬರೂ ಹತ್ತಿದರು. ಮೀನಾಕ್ಷಿ ಬಾಗಿಲಲ್ಲಿ ಚಾಪೆ ಹಾಸಿ, ಬೀಚಿನಲ್ಲಿ ಮಾರುವ ಮಣಿಸರ ಪೋಣಿಸುತ್ತಿದ್ದಳು. ಅವನು ನಿಂತುಕೊಂಡೇ ಎಲ್ಲವನ್ನೂ ಹೇಳಿದ. ಅವಳ ಕೈ ನಿಲ್ಲಲಿಲ್ಲ.

"ಅವರು ಏನಂತ ಕೂಗಿದ್ರು?" ಎಂದು ಕೇಳಿದಳು ಕೊನೆಗೆ.

"ನನ್ನ ಹೆಸರು ಹಿಡದು, ರಾಜಾ ಅಂತ. ಎರಡ್ ಸಲ."

ಆಗ ಅವಳ ಕೈಯಿಂದ ದಾರ ಜಾರಿತು.

"ನನಗೂ ಕೇಳಸ್ತೈತ್ರಿ ಅಣ್ಣಾ," ಎಂದಳು. "ಇಷ್ಟು ವರ್ಷ ಏನ್ ಕೂಗತಾರ ಅಂತ ತಿಳೀತಿರಲಿಲ್ಲ. ನನ್ನ ಕರ್ಯಾಕತ್ತಾರ ಅಂದ್ಕೊಂಡಿದ್ನಿ."

ಅವನು ಚಾಪೆಯ ಹತ್ತಿರ ಬಂದ. ಚೆಲ್ಲಿದ ಮಣಿಗಳನ್ನು ಆರಿಸಲು ಕೂತ. ಅವಳು ಬೇಡ ಅನ್ನಲಿಲ್ಲ.