ಬಾಯಲ್ಲಿ ಮೊಟ್ಟೆ ಹೊತ್ತ ಮೀನು

ಹಲ್ಲುಸೆಟ್ಟು ಮಾಡುವುದು ಅವನ ಕಸುಬು. ಜೀವವೆಲ್ಲ ನಡುಮನೆಯ ಗಾಜಿನ ತೊಟ್ಟಿಯಲ್ಲಿತ್ತು. ಆಫ್ರಿಕಾದ ದೊಡ್ಡ ಸರೋವರದಲ್ಲಿ ಬಲೆ ಹಾಕಿ ಹಿಡಿದ ಸಿಕ್ಲಿಡ್ ಮೀನುಗಳು, ಒಂದು ಗಂಡು, ಮೂರು ಹೆಣ್ಣು. ತೊಟ್ಟಿಯಲ್ಲೇ ಹುಟ್ಟಿದವು ಯಾವ ಅಂಗಡಿಯಲ್ಲಾದರೂ ಸಿಗುತ್ತಿದ್ದವು. ಸರೋವರದ್ದೇ ಬೇಕೆಂದು ಎರಡು ವರ್ಷ ಕಾದು ತರಿಸಿದ್ದ. ನೀಲಿ ಗಂಡಿಗೆ ಹೆಂಡತಿ ಪಾಳೇಗಾರ ಎಂದು ಹೆಸರಿಟ್ಟಳು.

ಪಾಳೇಗಾರ ಹೆಸರಿಗೆ ತಕ್ಕ ಹಾಗೇ ನಡೆದುಕೊಂಡ. ತಿಂಗಳೊಳಗೆ ಎರಡು ಹೆಣ್ಣನ್ನು ಕಚ್ಚಿ ಕೊಂದ. ಬೇರೆ ತೊಟ್ಟಿ ಮಾಡಿ ಎಂದು ಹೆಂಡತಿ ಹೇಳಿ ಹೇಳಿ ಸಾಕಾದಳು. ಇವನು ನಾಳೆ, ನಾಡಿದ್ದು ಎಂದು ದಿನ ತಳ್ಳಿದ. ಅಷ್ಟರಲ್ಲಿ ಉಳಿದ ಹೆಣ್ಣು ಮೊಟ್ಟೆಯಿಟ್ಟು, ಆ ಜಾತಿಯ ರೀತಿಯಂತೆ ಅವನ್ನು ಬಾಯಲ್ಲೇ ತುಂಬಿಕೊಂಡಿತು. ಮರಿಯಾಗುವವರೆಗೆ, ಹೆಚ್ಚುಕಡಿಮೆ ಮೂರು ವಾರ, ಅದಕ್ಕೆ ಊಟವಿಲ್ಲ. ಬೆದರಿದರೆ ನುಂಗಿಬಿಡುತ್ತದೆಂದು ಅವನು ತೊಟ್ಟಿಯ ಹತ್ತಿರ ಯಾರನ್ನೂ ಸುಳಿಯಗೊಡಲಿಲ್ಲ.

"ಅದು ಬಾಯಿ ಬಿಡ್ತಿಲ್ಲ, ನೀವು ಕಣ್ಣು ಮುಚ್ತಿಲ್ಲ," ಎಂದು ಹೆಂಡತಿ ನಕ್ಕಳು.

ಹದಿನೇಳನೆಯ ದಿನ ಮಧ್ಯಾಹ್ನ ಅವನು ಪೇಟೆಯ ತನ್ನ ಕೆಲಸದ ಕೋಣೆಯಲ್ಲಿ ಮೇಣದ ಒಸಡಿಗೆ ಹಲ್ಲು ಕೂರಿಸುತ್ತಿದ್ದಾಗ ಅವಳ ಫೋನು ಬಂತು. ಪಾಳೇಗಾರ ಹೆಣ್ಣನ್ನು ತೊಟ್ಟಿಯ ಫಿಲ್ಟರ್ ಪೈಪಿನ ಹಿಂದೆ ಒತ್ತಿಹಾಕಿದ್ದಾನೆ, ಅದರ ಬಾಲ ಹರಿದಿದೆ.

"ಏನೂ ಮುಟ್ಟಬೇಡ. ಈಗ ಬಂದೆ."

ಈಗ ಎಂದವನು, ಮೇಣ ಗಟ್ಟಿಯಾದೀತೆಂದು ಆ ಸಾಲು ಮುಗಿಸಿಯೇ ಎದ್ದ. ಮನೆ ಸೇರುವಾಗ ಒಂದೂವರೆ ಗಂಟೆ ಕಳೆದಿತ್ತು. ಹೆಂಡತಿ ಭುಜದವರೆಗೆ ನೆನೆದು ಬಕೆಟ್ಟಿನ ಮುಂದೆ ಕೂತಿದ್ದಳು. ದಾರಿ ಕಾದು ಕಾದು, ಕೊನೆಗೆ ಜರಡಿಯಲ್ಲಿ ಗಂಡುಮೀನನ್ನು ಹಿಡಿದು ನಲ್ಲಿ ನೀರಿಗೆ ಬಿಟ್ಟಿದ್ದಳು. ಕ್ಲೋರಿನ್ ಬೆರೆತ ನೀರು, ಮೀನಿಗೆ ವಿಷ. ಪಾಳೇಗಾರ ಮಗ್ಗುಲಾಗಿ ತೇಲುತ್ತಿದ್ದ, ನೀಲಿಯೆಲ್ಲ ಬೂದಿಯಾಗಿತ್ತು.

ಅವನು ಆಡಬಾರದ್ದು ಆಡಿದ. ತಲೆಯಿಲ್ಲದವಳು ಎಂದ, ಎರಡು ವರ್ಷದ ಆಸೆಗೆ ಮಣ್ಣು ಹಾಕಿದೆ ಎಂದ. ಅವಳು ಬಕೆಟ್ಟು ಎತ್ತಿಕೊಂಡು ಹಿತ್ತಲಿಗೆ ಹೋಗಿ ಗುಂಡಿ ತೋಡಿದಳು. ಮೂರು ದಿನ ಮನೆಯಲ್ಲಿ ಮಾತುಕತೆಯಿಲ್ಲ.

ನಾಲ್ಕನೆಯ ಬೆಳಿಗ್ಗೆ ಹೆಣ್ಣುಮೀನು ಕಲ್ಲಿನ ಮರೆಯಲ್ಲಿ ಬಾಯಿ ತೆರೆಯಿತು. ಒಂದೊಂದಾಗಿ ಹದಿನಾಲ್ಕು ಮರಿ. ಅವನು ಹೆಂಡತಿಯನ್ನು ಕೂಗಿದ, ಬರಲಿಲ್ಲ. ತಾನೇ ಅಡುಗೆಮನೆಗೆ ಹೋದ.

"ಮರಿ ಬಿಟ್ಟಿದೆ. ನೀನು ಅವನನ್ನ ತೆಗೀದೇ ಇದ್ದಿದ್ರೆ ಒಂದೂ ಉಳೀತಿರಲಿಲ್ಲ. ನಲ್ಲಿ ನೀರು ಆಗಲ್ಲ ಅಂತ ನಾನೇ ನಿಂಗೆ ಹೇಳಿರಲಿಲ್ಲ."

"ಹೇಳಿರಲಿಲ್ಲ," ಎಂದಳು. "ಆದ್ರೂ ಪ್ರಾಣ ಹೋಗಿದ್ದು ನನ್ನ ಕೈಲಿ. ಕಣ್ಣೆದುರೇ ಬಾಯಿ ಬಾಯಿ ಬಿಡ್ತಿತ್ತು. ಈಗ ಬಂದೆ ಅಂದ್ಮೇಲೂ ನಿಮಗೆ ಎಂಟು ಸಲ ಫೋನ್ ಮಾಡಿದೆ."

ಆ ಎಂಟೂ ಕರೆ ಅವನಿಗೆ ಕೇಳಿಸಿತ್ತು. ಕೈಗೆ ಮೇಣ ಅಂಟಿದೆಯೆಂದು ಎತ್ತಿರಲಿಲ್ಲ. ಮುಚ್ಚಿಡಲಾರದೆ ಅದನ್ನೂ ಹೇಳಿಬಿಟ್ಟ. ಅವಳು ಸೌಟು ಕೆಳಗಿಟ್ಟು ಅವನನ್ನೇ ದಿಟ್ಟಿಸಿದಳು, ಆಮೇಲೆ ಒಲೆಯ ಕಡೆ ತಿರುಗಿದಳು.

ಮುಂದಿನ ವಾರ ಮೀನು ತರಿಸಿಕೊಡುವವನು ಇನ್ನೊಂದು ಗಂಡು ಬಂದಿದೆ ಎಂದಾಗ ಅವನು ಬೇಡವೆಂದ. ಮರಿಗಳಲ್ಲಿ ಒಂಬತ್ತು ಬದುಕಿದವು. ತಿಂಡಿಯನ್ನು ಪುಡಿಮಾಡಿ ಹಾಕುವುದು ಈಗ ಅವಳೇ. ಅವನು ನಡುಮನೆಗೆ ಬಂದರೆ ಮಾತ್ರ ಡಬ್ಬಿ ಮುಚ್ಚಿ ಎದ್ದು ಹೋಗುತ್ತಾಳೆ.