ಓಡುತ್ತಾ ಮಾತಾಡಬೇಕು

ಶಾಲೆಯಲ್ಲಿ ಅವಳಿಗೆ ಎಕ್ಸ್‌ಪ್ರೆಸ್ ಎಂಬ ಅಡ್ಡಹೆಸರಿತ್ತು. ಹದಿನಾಲ್ಕು ತುಂಬುತ್ತಲೇ ಅಮ್ಮ ಬ್ರೇಕ್ ಹಾಕಿದಳು. "ಬೆಳೆದ ಹುಡುಗಿ ನಾಲ್ಕು ಜನರ ಕಣ್ಣ ಮುಂದೆ ಓಡಿದ್ದು ಸಾಕು" ಎಂದು ಶೂ ಕಿತ್ತುಕೊಂಡು ತಮ್ಮನಿಗೆ ಕೊಟ್ಟಳು. ಅವನು ಎರಡು ವರ್ಷ ಚಿಕ್ಕವನಾದರೂ ಕಾಲಿನ ಅಳತೆ ಒಂದೇ. ಆ ಮಹಾರಾಯ ಅದನ್ನು ಹಾಕಿಕೊಂಡು ಹತ್ತು ಹೆಜ್ಜೆಯೂ ಓಡಲಿಲ್ಲ, ಅದು ಬೇರೆ ಮಾತು.

ಇಪ್ಪತ್ತು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತು ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿದು ಹೊಲಿದು ಅವಳು ದಪ್ಪಗಾದಳು. "ಎಕ್ಸ್‌ಪ್ರೆಸ್ ಹೋಗಿ ಗೂಡ್ಸ್ ಗಾಡಿ ಆಯ್ತಲ್ಲಕ್ಕಾ" ಎಂದು ತಮ್ಮ ನಗುತ್ತಿದ್ದ. ಅವನ ಲಿವರ್ ಕೈಕೊಟ್ಟಾಗ ಮನೆಯಲ್ಲಿ ಹೊಂದಿಕೆಯಾದದ್ದು ಈ ಗೂಡ್ಸ್ ಗಾಡಿಯ ಲಿವರ್ ಒಂದೇ. ಆದರೆ ಅದರಲ್ಲೂ ಕೊಬ್ಬು.

"ಮೂರು ತಿಂಗಳಲ್ಲಿ ಕೊಬ್ಬು ಇಳಿದ್ರೆ ಒಂದು ಭಾಗ ತೆಗೆದು ಅವರಿಗೆ ಹಾಕಬಹುದು" ಎಂದರು ಡಾಕ್ಟರು. "ಊಟ ಕಮ್ಮಿ ಮಾಡಿ. ಒಂದು ನಿಮಿಷ ಓಡಿ, ಎರಡು ನಿಮಿಷ ನಡೀರಿ. ಓಡ್ತಾ ಓಡ್ತಾ ಮಾತಾಡೋಕೆ ಆಗ್ಬೇಕು. ಆಗ್ಲಿಲ್ಲ ಅಂದ್ರೆ ನಿಧಾನ ಮಾಡಿ."

ಅಮ್ಮನೇ ಹೊಸ ಶೂ ತಂದಳು. ಅಮ್ಮನೇ ಬೆಳಗಾಗುವ ಮೊದಲು ಎಬ್ಬಿಸಿ ಮೈದಾನಕ್ಕೆ ಕರೆದೊಯ್ದು, ವಾಚು ಹಿಡಿದು ಅಂಚಿನಲ್ಲಿ ನಿಂತಳು.

"ಮಾತಾಡೇ!"

"ಅಯ್ಯೋ..."

ಮೊದಲ ವಾರ ಅಷ್ಟೇ ಬಂತು. ಎರಡನೇ ವಾರ "ಸತ್ತೆ ಕಣಮ್ಮ" ಎನ್ನುವಷ್ಟು ಉಸಿರು ಉಳಿಯಿತು. ಮೊಣಕಾಲು ಕಿರಿಕಿರಿ ಮಾಡಿತು, ಪಕ್ಕೆ ಹಿಡಿದುಕೊಂಡಿತು, ವಾಕಿಂಗ್ ಬರುವ ಗಂಡಸರು ಮುಸಿಮುಸಿ ನಕ್ಕರು. ಅವಳು ಬಿಡಲಿಲ್ಲ. ಒಂದು ನಿಮಿಷ ಮೂರಾಯಿತು, ಮೂರು ಎಂಟಾಯಿತು. ಒಂದು ಬೆಳಿಗ್ಗೆ ಕಾಲುಗಳು ತಾವಾಗಿಯೇ ಹೋಗತೊಡಗಿದವು. ತಮ್ಮನ ನೆನಪೇ ಬರಲಿಲ್ಲ. ಖುಷಿಗೆ ಕಣ್ಣಲ್ಲಿ ನೀರು ಬಂತು, ಜೊತೆಗೆ ಕೋಪವೂ ಬಂತು.

"ಮಾತಾಡೇ!" ಎಂದಳು ಅಮ್ಮ.

"ಅವತ್ತು ನನ್ನ ಶೂ ಯಾಕಮ್ಮ ಕಿತ್ಕೊಂಡೆ? ನನಗೆ ಎಷ್ಟು ಆಸೆ ಇತ್ತು ಗೊತ್ತಾ?"

ಅಮ್ಮ ವಾಚು ನೋಡಿದಳು. "ಉಸಿರು ಚೆನ್ನಾಗಿದೆ. ಇನ್ನೊಂದು ಸುತ್ತು ಹೋಗು."

ಅವಳು ಹೋದಳು. ಮೂರು ತಿಂಗಳು ತುಂಬುವಾಗ ಇಪ್ಪತ್ತೆಂಟು ನಿಮಿಷ ನಿಲ್ಲದೆ ಓಡುತ್ತಿದ್ದಳು. ಕೊಬ್ಬು ಇಳಿದಿತ್ತು. ಅಕ್ಕ ತಮ್ಮ ಇಬ್ಬರ ಹೊಟ್ಟೆಯನ್ನೂ ಒಂದೇ ದಿನ ಕೊಯ್ದರು.

ಎರಡು ತಿಂಗಳಾದ ಮೇಲೆ ಡಾಕ್ಟರು ಇಬ್ಬರಿಗೂ ದಿನಾ ಬೆಳಿಗ್ಗೆ ಮೈದಾನದಲ್ಲಿ ನಡೆಯಲು ಹೇಳಿದರು. ಮರುದಿನ ಅವಳು ತಾನೇ ಎದ್ದಳು. ಇವತ್ತು ನಡಿಗೆ, ಮುಂದಿನ ತಿಂಗಳು ಒಂದು ನಿಮಿಷದ ಓಟ, ಮತ್ತೆ ಮೊದಲಿಂದ ಶುರು ಎಂದು ರಾತ್ರಿಯೇ ಲೆಕ್ಕ ಹಾಕಿಟ್ಟಿದ್ದಳು. ಬಾಗಿಲ ಹತ್ತಿರ ಶೂ ಇರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಮೈದಾನಕ್ಕೆ ಹೋದಳು.

ತಮ್ಮ ಅವಳ ಶೂ ಹಾಕಿಕೊಂಡು ನಡೆಯುತ್ತಿದ್ದ. ಅಮ್ಮ ವಾಚು ಹಿಡಿದಿದ್ದಳು.

"ಅದು ನನ್ನದಲ್ವೇನಮ್ಮ?"

"ಇನ್ನು ನಿಂಗ್ಯಾಕೆ? ಕೆಲಸ ಆಯ್ತಲ್ಲ" ಎಂದಳು ಅಮ್ಮ, ಮಾಮೂಲು ಮಾತಿನಂತೆ. "ಒಳ್ಳೆ ಸಮಯಕ್ಕೆ ಬಂದೆ. ಅವನ ಲೇಸ್ ಬಿಚ್ಚಿಕೊಂಡಿದೆ ನೋಡು, ಸ್ವಲ್ಪ ಕಟ್ಟು. ಕೊಯ್ದ ಹೊಟ್ಟೆ, ಅವನು ಬಗ್ಗಬಾರದು."

ತಮ್ಮ ಮುಖ ಆಚೆ ತಿರುಗಿಸಿದ. ಕಾಲನ್ನು ಮಾತ್ರ ಮುಂದೆ ಚಾಚಿದ.

"ನಂದೂ ಕೊಯ್ದ ಹೊಟ್ಟೇನೇ ಅಮ್ಮ."

"ನೀನು ಬಿಡೇ, ಗಟ್ಟಿ. ಮೂರು ತಿಂಗಳು ಓಡಿದೀಯಲ್ಲ."

ಅವಳು ಬಗ್ಗಿದಳು. ಗಾಯದ ಗೆರೆ ಚುರ್ರೆಂದು ಎಳೆಯಿತು. ಬಿಚ್ಚಿಕೊಳ್ಳದ ಹಾಗೆ ಎರಡು ಗಂಟು ಹಾಕಿದಳು.